ಅಡವಿಯಪ್ಪನ ಮುಖದ ಮುಲಾಮು

ಅಡವಿಯಪ್ಪ ಹೇಳಿದ ಸುಳ್ಳು ಒಂದೇ ಒಂದು, ಅದೂ ಮೂರಕ್ಷರದ್ದು. "ನನಗೇ." ಆ ಮೂರಕ್ಷರ ಒಂದು ಭಾನುವಾರ ಗುಬ್ಬಿಯಲ್ಲಿ ಹುಟ್ಟಿ, ತುಮಕೂರಿನ ಕ್ಯಾತ್ಸಂದ್ರದ ಅವನ ಅಡುಗೆಮನೆಯಲ್ಲಿ ಬೆಳೆದು, ಸತ್ಯಮಂಗಲದ ಫ್ಯಾಕ್ಟರಿ ಗೇಟಿನಲ್ಲಿ ದಾಖಲಾಗಿ, ಐದನೇ ದಿನಕ್ಕೆ ಕುಣಿಗಲ್ ತಲುಪಿ ಅವನ ಸಂಸಾರದ ಬಾಗಿಲು ತಟ್ಟಿತು.

ಐವತ್ತೊಂದು ವರ್ಷದ ಅಡವಿಯಪ್ಪ ಸತ್ಯಮಂಗಲದಲ್ಲಿ ಪೈಪುಗಳ ಬಿಡಿಭಾಗ ತಯಾರಿಸುವ ಸಣ್ಣ ಫ್ಯಾಕ್ಟರಿಯೊಂದರ ಸ್ಟೋರ್ ಕೀಪರ್. ಯಾವ ರ್‍ಯಾಕಿನಲ್ಲಿ ಎಷ್ಟು ಬೋಲ್ಟು ಇದೆ ಎಂದು ಕಣ್ಣುಮುಚ್ಚಿ ಹೇಳಬಲ್ಲ. ಆದರೆ ಕಣ್ಣು ಮುಚ್ಚಿದರೆ ಅವನು ಬೋಲ್ಟಿನ ವಿಷಯ ಮರೆತೇಬಿಡುತ್ತಿದ್ದ. ಕಿಟಕಿಯಾಚೆ ಸಿದ್ಧಗಂಗೆಯ ಬೆಟ್ಟದ ಮೇಲೆ ಮಂಜು ಮಲಗಿರುತ್ತಿತ್ತು. ಆ ಮಂಜಿನೊಳಗೆ ಹೊಕ್ಕರೆ ಅವನು ಹೊರಗೆ ಬರುತ್ತಿದ್ದುದು ಊಟದ ಗಂಟೆಗೆ. ಕೆಲಸದಲ್ಲಿ ತಪ್ಪು ಮಾಡಿದವನಲ್ಲ. ಕೆಲಸದ ಹೊತ್ತಿನಲ್ಲಿ ಮನುಷ್ಯ ಅಲ್ಲಿ ಇರುತ್ತಿರಲಿಲ್ಲ, ಅಷ್ಟೆ.

ಅಕ್ಟೋಬರ್ ಮಧ್ಯದಿಂದ ಅವನ ಹೆಂಡತಿ ಶಶಿಕಲಾ ಕೂಡ ಮನೆಯಲ್ಲಿರಲಿಲ್ಲ. ತಂಗಿ ಪ್ರೇಮಲತಾಳ ಬಾಣಂತನಕ್ಕೆಂದು ಕುಣಿಗಲ್‌ನ ತವರಿಗೆ ಹೋಗಿದ್ದಳು. ಅವಳ ತಾಯಿ ಸಿದ್ದಗಂಗಮ್ಮನಿಗೆ ಮಂಡಿನೋವು. ಎದ್ದರೆ ಕೂರಲಾರರು, ಕೂತರೆ ಏಳಲಾರರು. ಮೂರು ತಿಂಗಳೆಂದು ಶುರುವಾದ ಬಾಣಂತನವನ್ನು ಅವರು ಈಚೆಗೆ ಐದಕ್ಕೆ ಏರಿಸಿದ್ದರು. ಈ ಏರಿಕೆಯನ್ನು ಅಡವಿಯಪ್ಪನಿಗೆ ಯಾರೂ ತಿಳಿಸಿರಲಿಲ್ಲ. ಪಕ್ಕದ ಮನೆಯ ಹೊಂಬಾಳಮ್ಮ ಹೇಳಿದಾಗಲೇ ಅವನಿಗೆ ಗೊತ್ತಾದದ್ದು.

ಅವನಿಗೆ ಹೆಂಡತಿ ಮನೆಗೆ ಬರಬೇಕಿತ್ತು. ಆದರೆ ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆಂದು ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವನು ಕಲಿತಿರಲಿಲ್ಲ. ಸೀರೆ ತಂದರೂ ಅವಳ ಕೈಗೆ ಕೊಟ್ಟವನಲ್ಲ. ಬೀರುವಿನ ಮೇಲಿಟ್ಟು, ಗೋಡೆಯ ಕಡೆ ತಿರುಗಿ, "ಅಲ್ಲೇನೋ ಇದೆ ನೋಡು" ಎನ್ನುತ್ತಿದ್ದ. ಅವನ ಅಪ್ಪನೂ ಹಾಗೇ ಇದ್ದರು, ಮಾವನೂ ಹಾಗೇ. ಆ ಕಡೆಯ ಗಂಡಸರೆಲ್ಲ ತಮ್ಮ ಪ್ರೀತಿಯನ್ನು ಗೋಡೆಗೆ ಹೇಳಿಯೇ ಮೂರು ತಲೆಮಾರು ಸಾಗಿಸಿದ್ದರು.

ಜನವರಿಯ ಮೊದಲ ಶನಿವಾರ ಸಂಜೆ ಏಳೂ ಹತ್ತಕ್ಕೆ ವಿಡಿಯೊ ಕಾಲ್ ಬಂತು. ಶಶಿಕಲಾ ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿ, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಅವಳ ಎರಡೂ ಕೆನ್ನೆ ಒಡೆದು ಬಿಳಿಚಿದ್ದವು. ಒಡೆದ ಕಡೆಯೆಲ್ಲ ಸಣ್ಣಗೆ ಮಸಿ ಕೂತಿತ್ತು.

"ಊಟ ಆಯ್ತಾ?" ಎಂದ ಅಡವಿಯಪ್ಪ.

"ಆಯ್ತು. ಬೆಳಗ್ಗೆ ನಾಲ್ಕಕ್ಕೇ ಎದ್ದು ಹಂಡೆ ಒಲೆ ಹಚ್ಬೇಕು ಕಣ್ರೀ. ಆಮೇಲೆ ಸಾಂಬ್ರಾಣಿ. ಬರೀ ಹೊಗೆ. ಸೋಪ್ ಹಾಕಿ ಉಜ್ಜಿದ್ರೆ ಮುಖ ಉರಿಯುತ್ತೆ, ಉಜ್ಜದೇ ಇದ್ರೆ ಮಸಿ."

ಯಾವಾಗ ಬರ್ತೀಯ ಎಂದು ಕೇಳಬೇಕೆಂದುಕೊಂಡ ಅಡವಿಯಪ್ಪ, "ಅಲ್ಲಿ ಚಳಿ ಹೆಂಗಿದೆ?" ಎಂದು ಕೇಳಿದ.

"ತುಮಕೂರಲ್ಲಿರೋ ಹಂಗೇ ಇದೆ" ಎಂದಳು ಶಶಿಕಲಾ. ಸ್ವಲ್ಪ ಹೊತ್ತು ಇಬ್ಬರೂ ಮಗುವನ್ನು ನೋಡಿದರು. ಕರೆ ಮುಗಿಯಿತು.

ಅಂದು ಅವನು ಫೋನ್ ಕೆಳಗಿಡಲಿಲ್ಲ. ಬೆರಳು ಸರಿಸುತ್ತಾ ಹೋದವನಿಗೆ ಒಂದು ವಿಡಿಯೊ ಸಿಕ್ಕಿತು. ಚಳಿಗಾಲದಲ್ಲಿ ಸೋಪಿಲ್ಲದೆ ಮುಖ ಶುಚಿ ಮಾಡುವ ಮುಲಾಮನ್ನು ಮನೆಯಲ್ಲೇ ತಯಾರಿಸುವುದು ಹೇಗೆಂದು ಒಬ್ಬಾಕೆ ಹೇಳಿಕೊಡುತ್ತಿದ್ದಳು. ಜೇನುಮೇಣ ಒಂದು ಪಾಲು, ಎಣ್ಣೆ ಐದು ಪಾಲು. ನೀರು ಕುದಿಯುವ ಪಾತ್ರೆಯಲ್ಲಿ ಇನ್ನೊಂದು ಪಾತ್ರೆ ಇಟ್ಟು ಕರಗಿಸುವುದು, ಇಳಿಸಿ ಆರಲು ಬಿಡುವುದು. ಗಟ್ಟಿಯಾದ ಮೇಲೆ ಒಣ ಮುಖಕ್ಕೆ ಹಚ್ಚಿ ತಿಕ್ಕಿದರೆ ಮೈ ಬಿಸಿಗೆ ಕರಗಿ ಮಸಿಯನ್ನೆಲ್ಲ ಬಿಡಿಸುತ್ತದೆ. ಬಿಸಿನೀರಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿದರೆ ಆಯಿತು. ಉರಿ ಇಲ್ಲ, ಒಡಕಿಲ್ಲ.

ಅಡವಿಯಪ್ಪ ವಿಡಿಯೊವನ್ನು ನಾಲ್ಕು ಬಾರಿ ನೋಡಿದ. ಐದನೆಯ ಬಾರಿ ಅದರೊಳಗೆ ಆ ಹೆಂಗಸಿನ ಬದಲು ಶಶಿಕಲಾ ಇದ್ದಳು. ಎಳೆಬಿಸಿಲಿನ ಜಗಲಿ, ಮಂಜು ಇನ್ನೂ ಪೂರ್ತಿ ಎದ್ದಿಲ್ಲ, ಅವಳು ಗಾಜಿನ ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡಿ ಅವನ ಕಡೆ ತಿರುಗುತ್ತಾಳೆ. ಮಾತಿಲ್ಲ. ಕನಸಿನಲ್ಲೂ ಅವಳ ಬಾಯಿಗೆ ಮಾತು ಕೊಡುವಷ್ಟು ಧೈರ್ಯ ಅವನಿಗಿರಲಿಲ್ಲ.

ಮರುದಿನ ಬೆಳಗ್ಗೆ ಎಂಟರ ಬಸ್ಸಿಗೆ ಗುಬ್ಬಿಗೆ ಹೊರಟ. ಅಲ್ಲಿ ಅವನ ಬಾಲ್ಯದ ಗೆಳೆಯ ಯಲ್ಲಯ್ಯ ತೆಂಗಿನ ತೋಟದಲ್ಲಿ ಹದಿನಾಲ್ಕು ಜೇನುಪೆಟ್ಟಿಗೆ ಇಟ್ಟಿದ್ದ. ಮಂಜಿನೊಳಗೆ ತೆಂಗಿನ ಮರಗಳು ಬುಡವಿಲ್ಲದೆ ತೇಲುತ್ತಿದ್ದವು. ಅಡವಿಯಪ್ಪನೂ ಹೆಚ್ಚುಕಡಿಮೆ ತೇಲುತ್ತಲೇ ಗೇಟು ದಾಟಿದ.

"ಏನ್ಲಾ ಅಡವಿ, ಇಷ್ಟೊತ್ಗೇ ಬಂದ್ಬುಟ್ಟೆ?"

"ಒಂದೀಟು ಜೇನುಮೇಣ ಬೇಕಿತ್ತು ಕಣೋ."

"ಮೇಣವಾ? ಏನ್ಕ್ಲಾ?"

"ಮುಖಕ್ಕೆ ಹಚ್ಚೋಕೆ."

ಯಲ್ಲಯ್ಯ ಪೆಟ್ಟಿಗೆಯ ಮುಚ್ಚಳ ಹಾಗೇ ಎತ್ತಿ ಹಿಡಿದು ನಿಂತ. "ಯಾರಿಗ್ಲಾ?"

ಸತ್ಯ ಅಡವಿಯಪ್ಪನ ಗಂಟಲವರೆಗೆ ಬಂತು. ಹೆಂಡತಿಗೆ ಎಂದರೆ ಯಲ್ಲಯ್ಯ ಏನು ಮಾಡುತ್ತಾನೆಂದು ಅವನಿಗೆ ಗೊತ್ತಿತ್ತು. ಸಂಜೆಯೊಳಗೆ ಗುಬ್ಬಿಯ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಅವನಿಗೆ 'ಹೆಂಡತಿಗೆ ಸ್ನೋ ಪೌಡರ್ ಮಾಡಿಕೊಡುವ ಅಡವಿ' ಎಂದು ಹೆಸರಿಟ್ಟು, ಆ ಹೆಸರು ಅವನ ತಿಥಿಯವರೆಗೂ ಉಳಿಯುವಂತೆ ನೋಡಿಕೊಳ್ಳುತ್ತಿದ್ದ.

"ನನಗೇ" ಎಂದ ಅಡವಿಯಪ್ಪ.

ಯಲ್ಲಯ್ಯ ಗೆಳೆಯನ ಮುಖವನ್ನು ಎಡದಿಂದ ನೋಡಿದ, ಬಲದಿಂದ ನೋಡಿದ. ಎಳನೀರೋ ಕಾಯೋ ಎಂದು ನಿರ್ಧರಿಸುವವನ ಹಾಗೆ ಹಿಂದಕ್ಕೆ ವಾಲಿಯೂ ನೋಡಿದ.

"ಶಶಿಕಲಮ್ಮ ಇನ್ನೂ ಕುಣಿಗಲ್ಲಲ್ಲೇ ಅವ್ರಾ?"

"ಹೂಂ, ಅಲ್ಲೇ."

"ಓಹೋ" ಎಂದ ಯಲ್ಲಯ್ಯ. ಆ 'ಓಹೋ' ಎಷ್ಟು ಉದ್ದವಿತ್ತೆಂದರೆ, ಅದು ಮುಗಿಯುವುದರೊಳಗೆ ಒಂದು ಜೇನುನೊಣ ಪೆಟ್ಟಿಗೆಯಿಂದ ಹೊರಟು ಬೇಲಿಯ ಹೂವಿನ ಮೇಲೆ ಕೂತಿತ್ತು. ಮೇಣವನ್ನು ಬಾಳೆಲೆಯಲ್ಲಿ ಸುತ್ತಿ ಕೊಟ್ಟವನು, "ಹುಷಾರು ಕಣ್ಲಾ. ನಮ್ ವಯಸ್ಸು ಬಲ್ ಕೆಟ್ಟದ್ದು" ಎಂದು ಸೇರಿಸಿದ. ಅಡವಿಯಪ್ಪ ಅದನ್ನು ಆರೋಗ್ಯದ ಬಗ್ಗೆ ಕಾಳಜಿ ಎಂದು ತಿಳಿದು ಖುಷಿಪಟ್ಟ.

ಸೋಮವಾರ ಸಂಜೆ ತಯಾರಿ ಆರಂಭವಾಯಿತು. ಚಳಿಗೆ ಕೊಬ್ಬರಿ ಎಣ್ಣೆ ಬಾಟಲಿಯೊಳಗೇ ಕಲ್ಲಾಗಿತ್ತು. ಬಾಟಲಿಯನ್ನು ಬಿಸಿನೀರಿನಲ್ಲಿ ನಿಲ್ಲಿಸಿ ಇಳಿಸಿಕೊಂಡು, ಅರ್ಧದಷ್ಟು ಹರಳೆಣ್ಣೆ ಬೆರೆಸಿ, ಮೇಣ ಹಾಕಿ ಕರಗಿಸಿದ. ಫ್ಯಾಕ್ಟರಿಯಲ್ಲಿ ವಾಷರು ತೂಗುವವನಾದರೂ ಮನೆಯಲ್ಲಿ ತಕ್ಕಡಿ ಇರಲಿಲ್ಲ. ಕಣ್ಣಳತೆಯಲ್ಲಿ ಹಾಕಿದ ಮೇಣ ಹೆಚ್ಚಾಗಿ, ಆರಿದ ಮೇಲೆ ಮುಲಾಮು ಮೇಣದಬತ್ತಿಯಂತೆ ಟಣ್ಣೆಂದಿತು. ಮಂಗಳವಾರದ್ದು ಸಾರಿನಂತೆ ತೆಳ್ಳಗಾಯಿತು. ಬುಧವಾರ ಫ್ಯಾಕ್ಟರಿಯ ತಕ್ಕಡಿಯಲ್ಲಿ ಮೇಣ ಇಪ್ಪತ್ತು ಗ್ರಾಂ ತೂಗಿ ಪೊಟ್ಟಣ ಕಟ್ಟಿಕೊಂಡು ಬಂದ. ಒಲೆಯ ಮುಂದೆ ನಿಂತು ಕಡ್ಡಿಯಲ್ಲಿ ತಿರುವುತ್ತಾ, ಪೂಜಾಸಾಮಗ್ರಿ ಅಂಗಡಿಯಿಂದ ತಂದಿದ್ದ ಮಲ್ಲಿಗೆ ಸುಗಂಧದ ಎಣ್ಣೆಯನ್ನು ಎರಡು ಹನಿ ಬಿಟ್ಟ. ಮೇಣ, ಜೇನು, ಮಲ್ಲಿಗೆ ಎಲ್ಲ ಸೇರಿ ಅಡುಗೆಮನೆ ಯಾವುದೋ ಹೂವಿನೊಳಗೆ ಕೂತಂತಾಯಿತು. ಅಡವಿಯಪ್ಪನಿಗೆ ಅರಿವಿಲ್ಲದೆ ಗಂಟಲಿನಿಂದ ಒಂದು ರಾಗ ಹೊರಬಂತು.

ಆ ರಾಗ ಕೇಳಿಯೇ ಹೊಂಬಾಳಮ್ಮ ಬಂದದ್ದು. ಕೈಯಲ್ಲಿ ನಾಲ್ಕೆಸಳು ಕರಿಬೇವು ಇತ್ತು. ಮೂರು ತಿಂಗಳಿಂದ ಅಡವಿಯಪ್ಪನ ಮನೆಯೊಳಗೆ ಬರಲು ಆಕೆಗೆ ಕರಿಬೇವೇ ಪಾಸು.

"ಏನ್ ಅಡವಿಯಪ್ನೋರೇ, ಮೂರು ದಿನದಿಂದ ಮದುವೆ ಮನೆ ವಾಸನೆ! ಏನ್ ಮಾಡ್ತಿದೀರಾ?"

"ಏನಿಲ್ಲ ಹೊಂಬಾಳಕ್ಕ. ಮುಖಕ್ಕೆ ಹಚ್ಚೋದು."

"ಯಾರಿಗೆ?"

ಹೊಂಬಾಳಮ್ಮನಿಗೆ ಸತ್ಯ ಹೇಳುವುದೆಂದರೆ ಸೊಸೈಟಿ ಮೈಕಿನಲ್ಲಿ ಹೇಳಿದಂತೆ. ಅಲ್ಲದೆ ಸುಳ್ಳು ಒಮ್ಮೆ ಹೇಳಿ ಅಭ್ಯಾಸವೂ ಆಗಿತ್ತು.

"ನನಗೇ."

ಹೊಂಬಾಳಮ್ಮ ಒಲೆಯ ಮೇಲಿನ ಪಾತ್ರೆ ನೋಡಿದರು. ಲೇಬಲ್ಲು ಕೆರೆದು ಫಳಫಳ ತೊಳೆದಿಟ್ಟಿದ್ದ ಜಾಮಿನ ಗಾಜಿನ ಡಬ್ಬಿಯನ್ನು ನೋಡಿದರು. ಮಲ್ಲಿಗೆ ಎಣ್ಣೆಯ ಪುಟ್ಟ ಶೀಷೆಯನ್ನು ಎತ್ತಿ ಓದಿದರು. "ಗಂಡಸಿಗೆ ಮಲ್ಲಿಗೆ" ಎಂದರು, ಪ್ರಶ್ನೆಯಾಗಿ ಅಲ್ಲ, ತೀರ್ಪಾಗಿ. ಕರಿಬೇವನ್ನು ಇಡುವುದನ್ನೂ ಮರೆತು ವಾಪಸು ಹೋದರು.

ಗುರುವಾರ ಬೆಳಗ್ಗೆ ಎಂಟೂ ಹತ್ತಕ್ಕೆ ಅಡವಿಯಪ್ಪ ಬಾಗಿಲು ತೆರೆದರೆ ಹೊಂಬಾಳಮ್ಮ ಕಾಂಪೌಂಡಿನ ಮೇಲೆ ಮೊಣಕೈ ಊರಿ ನಿಂತಿದ್ದರು. "ಹಚ್ಕೊಂಡ್ರಾ?"

"ಇನ್ನೂ ಇಲ್ಲ."

"ನಿಮಗೇ ಮಾಡ್ಕೊಂಡಿದ್ದು ಅಂದ್ರಲ್ಲ. ಹಚ್ಕೊಳ್ಳಿ, ನೋಡಾಣ."

ಹೇಳಿದ ಮಾತು ಉಳಿಸಿಕೊಳ್ಳಬೇಕು. ಹಿಂದಿನ ದಿನ ಕೊನೆಯಲ್ಲಿ ಪಾತ್ರೆಯ ತಳದಲ್ಲಿ ಉಳಿದಿದ್ದ ಮುಲಾಮನ್ನು ಎರಡು ಬೆರಳಲ್ಲಿ ಬಳಿದು, ಹೊಂಬಾಳಮ್ಮನ ಸಮಕ್ಷಮದಲ್ಲಿ ಹಣೆಯಿಂದ ಗಲ್ಲದವರೆಗೆ ತಿಕ್ಕಿದ. ಇನ್ನು ಬಿಸಿನೀರಿನ ಬಟ್ಟೆಯಲ್ಲಿ ಒರೆಸುವುದೊಂದೇ ಬಾಕಿ. ಒಲೆ ಹಚ್ಚಿದರೆ ಹತ್ತಲಿಲ್ಲ. ಮೂರು ಸಂಜೆಯ ಪ್ರಯೋಗದಲ್ಲಿ ಸಿಲಿಂಡರ್ ಮುಗಿದಿತ್ತು. ತಣ್ಣೀರು ಹಾಕಿದರೆ ಮುಲಾಮು ಮುಖದ ಮೇಲೇ ಹೆಪ್ಪುಗಟ್ಟಿತು. ಎಂಟೂ ಇಪ್ಪತ್ತರ ಬಸ್ಸು ಹಾರ್ನ್ ಹೊಡೆಯಿತು. ಅಡವಿಯಪ್ಪ ಹಾಗೇ ಓಡಿದ.

ಬಸ್ಸಿನಲ್ಲಿ ಯಾರೂ ಅವನ ಪಕ್ಕ ಕೂರಲಿಲ್ಲ. ಅವನಿಗೆ ಅದು ತಿಳಿಯಲೂ ಇಲ್ಲ. ಕಿಟಕಿಯ ಗಾಜಿನಲ್ಲಿ ಹೊಳೆಯುತ್ತಿದ್ದ ತನ್ನ ಮುಖದ ಪಕ್ಕದಲ್ಲಿ ಶಶಿಕಲಾಳ ಮುಖವನ್ನು ಕೂರಿಸಿಕೊಂಡು ಅವನು ಸತ್ಯಮಂಗಲದವರೆಗೆ ಪ್ರಯಾಣ ಮಾಡಿದ.

ಫ್ಯಾಕ್ಟರಿಯ ಗೇಟಿನಲ್ಲಿ ಹಾಜರಿಗೆ ಮುಖ ಗುರುತಿಸುವ ಯಂತ್ರ ಹಾಕಿ ಆರು ತಿಂಗಳಾಗಿತ್ತು. ಅಡವಿಯಪ್ಪ ಅದರ ಮುಂದೆ ನಿಂತ. ಮುಖದಿಂದ ಬೆಳಕು ಚಿಮ್ಮಿ ಯಂತ್ರದ ಕಣ್ಣಿಗೇ ಹೊಡೆಯಿತು.

"ಮುಖ ಗುರುತಿಸಲಾಗಲಿಲ್ಲ" ಎಂದಿತು ಒಳಗಿನ ಹೆಣ್ಣುದನಿ.

ಕರವಸ್ತ್ರದಿಂದ ಒರೆಸಿದ. ಹೊಳಪು ಇನ್ನೂ ಹೆಚ್ಚಿತು. ಐದನೇ ಬಾರಿಗೆ ಯಂತ್ರ ಮಾತನಾಡುವುದನ್ನೇ ನಿಲ್ಲಿಸಿತು. ಸಿಬ್ಬಂದಿ ವಿಭಾಗದ ಮ್ಯಾನೇಜರ್ ಅಂಜನ್‌ಕುಮಾರ್ ಬಂದ. ಇಪ್ಪತ್ತೊಂಬತ್ತರ ಯುವಕ, ನಿಯಮಕ್ಕೆ ಹೊರತಾಗಿ ಉಸಿರನ್ನೂ ಬಿಡುವವನಲ್ಲ.

"ಸಾರ್, ನೀವು ಅಡವಿಯಪ್ಪ ಅಂತ ನನಗೆ ಗೊತ್ತು. ಆದ್ರೆ ಸಿಸ್ಟಮ್‌ಗೆ ಗೊತ್ತಿಲ್ಲ. ಮುಖ ಬದಲಾವಣೆ ಅಂತ ಒಂದು ಫಾರಂ ಇದೆ, ತುಂಬೋಣ. ಕಾರಣ ಏನ್ ಹಾಕ್ಲಿ? ಅಪಘಾತ, ಆಪರೇಷನ್, ಗಡ್ಡ, ಇತರೆ."

"ಏನೋ ಹಚ್ಕೊಂಡಿದೀನಿ ಸಾರ್. ಮನೇಲೇ ಮಾಡಿದ್ದು."

"ಯಾರಿಗೆ ಮಾಡಿದ್ದು?"

ಹಿಂದೆ ಹಾಜರಿಗಾಗಿ ಮೂವತ್ತು ಜನ ಸಾಲಿನಲ್ಲಿ ನಿಂತಿದ್ದರು. "ನನಗೇ" ಎಂದ ಅಡವಿಯಪ್ಪ.

"ಇತರೆ" ಎಂದು ಅಂಜನ್‌ಕುಮಾರ್ ಒತ್ತಿದ. "ಇತರೆ ಹಾಕಿದ್ರೆ ಮನೆಯವರ ಕನ್ಫರ್ಮೇಶನ್ ಬೇಕು ಸಾರ್." ಅಡವಿಯಪ್ಪ ಬೇಡವೆಂದು ಕೈಯೆತ್ತುವುದರೊಳಗೆ ಕಡತದಲ್ಲಿದ್ದ ಶಶಿಕಲಾಳ ನಂಬರಿಗೆ ಫೋನ್ ಹೋಗಿತ್ತು. ಸ್ಪೀಕರ್ ಹಾಕಬೇಕೆಂಬುದೂ ನಿಯಮದಲ್ಲಿತ್ತು.

"ನಮಸ್ಕಾರ ಮೇಡಂ, ಫ್ಯಾಕ್ಟರಿಯಿಂದ. ಗಾಬರಿ ಆಗ್ಬೇಡಿ. ನಿಮ್ ಯಜಮಾನ್ರ ಮುಖ ಬದಲಾಗಿದೆ."

ಆ ಕಡೆ ಮಗುವಿನ ಅಳು ಮಾತ್ರ ಕೇಳಿಸಿತು. ಆಮೇಲೆ: "ಅಂದ್ರೆ?"

"ಹೊಳೀತಿದೆ ಮೇಡಂ."

"ಹೊಳೀತಿದ್ಯಾ?"

"ತುಂಬಾ. ಮಲ್ಲಿಗೆ ವಾಸನೇನೂ ಇದೆ. ಅವರೇ ಮನೇಲಿ ತಯಾರು ಮಾಡಿ, ಅವರಿಗೇ ಹಚ್ಕೊಂಡಿದಾರಂತೆ. ಇದು ನಿಮ್ಮ ಗಮನಕ್ಕೆ ಬಂದಿದ್ಯಾ? ಹೌದು ಅಥವಾ ಇಲ್ಲ ಅಂದ್ರೆ ಸಾಕು."

"ಇಲ್ಲ."

"ಥ್ಯಾಂಕ್ಸ್ ಮೇಡಂ. ಒಳ್ಳೇ ದಿನ ಆಗ್ಲಿ."

ಆ ದಿನ ಒಳ್ಳೆಯದಾಗಲಿಲ್ಲ. ಶಶಿಕಲಾ ಹೊಂಬಾಳಮ್ಮನಿಗೆ ಫೋನ್ ಮಾಡಿದಳು. ಹೊಂಬಾಳಮ್ಮ, "ನನ್ ಬಾಯಿಂದ ಬರೋದು ಬೇಡ ಅಂತಿದ್ದೆ ಕಣಮ್ಮ" ಎಂದು ಶುರು ಮಾಡಿ ನಲವತ್ತು ನಿಮಿಷ ಮಾತನಾಡಿದರು. ಮೂರು ಸಂಜೆ ಒಲೆ ಉರಿದದ್ದು, ಗಾಜಿನ ಡಬ್ಬಿ, ಮಲ್ಲಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಆ ರಾಗ. "ಇಷ್ಟು ವರ್ಷದಲ್ಲಿ ಆ ಮನುಷ್ಯ ಹಾಡಿದ್ದು ಕೇಳಿದ್ಯೇನೇ ನೀನು?" ಶಶಿಕಲಾ ಕೇಳಿರಲಿಲ್ಲ. ಅದೇ ಮಧ್ಯಾಹ್ನ ಯಲ್ಲಯ್ಯ ಕೊಬ್ಬರಿ ರೇಟು ವಿಚಾರಿಸಲು ಶಶಿಕಲಾಳ ತಮ್ಮ ಶಿವರಾಜನಿಗೆ ಫೋನ್ ಮಾಡಿದವನು, ರೇಟು ಕೇಳುವುದನ್ನು ಮರೆತು ಬೇರೆ ಎಲ್ಲವನ್ನೂ ಹೇಳಿದ. ಸಂಜೆಯ ಹೊತ್ತಿಗೆ ಕುಣಿಗಲ್‌ನ ಮನೆಯಲ್ಲಿ, ಅಡವಿಯಪ್ಪ ಯಾರಿಗಾಗಿ ಹೊಳೆಯುತ್ತಿದ್ದಾನೋ ಆ ಇನ್ನೊಬ್ಬಾಕೆಗೆ ಸುಮಾರು ನಲವತ್ತು ವಯಸ್ಸು, ಬೆಳ್ಳಾವಿ ಕಡೆಯವಳು, ಟೀಚರ್ ಇರಬಹುದು ಎಂಬಷ್ಟರ ಮಟ್ಟಿಗೆ ವಿವರ ಸಿದ್ಧವಾಗಿತ್ತು. ಈ ವಿವರಗಳನ್ನು ಯಾರು ಒದಗಿಸಿದರೆಂದು ಕೊನೆಗೂ ತಿಳಿಯಲಿಲ್ಲ.

ಏಳೂ ಹತ್ತಕ್ಕೆ ಅಡವಿಯಪ್ಪನ ಫೋನ್ ಹೊಡೆದುಕೊಂಡಿತು. ಈ ಸಲ ವಿಡಿಯೊ ಇರಲಿಲ್ಲ.

"ಭಾನುವಾರ ಬನ್ನಿ" ಎಂದಳು ಶಶಿಕಲಾ. "ಆ ಡಬ್ಬೀನೂ ತನ್ನಿ."

"ತರ್ತೀನಿ" ಎಂದ ಅಡವಿಯಪ್ಪ, ಸಂತೋಷದಿಂದ. ಅವಳು ಕೇಳಿಯೇಬಿಟ್ಟಳಲ್ಲ! ಬೀರುವಿನ ಮೇಲಿಡುವ ಕಷ್ಟವೂ ತಪ್ಪಿತು. ಅವಳ ದನಿ ಒಂದಿಷ್ಟು ಗಟ್ಟಿಯಾಗಿದ್ದುದು ಶೀತಕ್ಕಿರಬೇಕು.

ಭಾನುವಾರದ ಬಸ್ಸಿನಲ್ಲಿ ಹೊಂಬಾಳಮ್ಮನೂ ಇದ್ದರು. ಕುಣಿಗಲ್‌ನಲ್ಲಿ ಏನೋ ಕೆಲಸವಿದೆಯೆಂದರು. ಹೆಬ್ಬೂರು ದಾಟುವವರೆಗೆ ಅಡವಿಯಪ್ಪನ ಮಡಿಲಲ್ಲಿದ್ದ ಡಬ್ಬಿಯ ಮೇಲಿಂದ ಕಣ್ಣು ತೆಗೆಯಲಿಲ್ಲ. ದಾರಿಯಲ್ಲಿ ಅವನೆಲ್ಲಾದರೂ ಇಳಿದು ಅದನ್ನು ಯಾರಿಗಾದರೂ ಕೊಟ್ಟುಬಿಡಬಹುದೆಂದು ಕಾವಲು. ಅಡವಿಯಪ್ಪ ರಾಗಿ ಕೊಯ್ಲಾದ ಹೊಲಗಳ ಮೇಲೆ ಹರಡಿದ್ದ ಮಂಜನ್ನು ನೋಡುತ್ತಿದ್ದ. ಅವನ ಲೆಕ್ಕದಲ್ಲಿ ಅದು ಮಂಜಲ್ಲ. ಮಲ್ಲಿಗೆ ವಾಸನೆಯ, ಇನ್ನೂ ಹೆಪ್ಪುಗಟ್ಟದ ಮುಲಾಮು.

ಕುಣಿಗಲ್‌ನ ಮನೆಯ ನಡುಮನೆಯಲ್ಲಿ ಆಸನಗಳನ್ನು ಮೊದಲೇ ಜೋಡಿಸಿಟ್ಟಿದ್ದರು. ಸಿದ್ದಗಂಗಮ್ಮ ಕುರ್ಚಿಯ ಮೇಲೆ ಮಂಡಿ ನೀಡಿಕೊಂಡಿದ್ದರು. ಶಿವರಾಜ್ ಇಸ್ತ್ರಿ ಶರ್ಟ್ ಹಾಕಿದ್ದ. ಶಶಿಕಲಾ ಬಾಣಂತಿ ಕೋಣೆಯ ಹೊಸ್ತಿಲಲ್ಲಿ ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. ಹಿಂದಿನಿಂದ ಸಾಂಬ್ರಾಣಿ ಹೊಗೆ ಸುರುಳಿಯಾಗಿ ಹೊರಗೆ ಬರುತ್ತಿತ್ತು. ಅಡವಿಯಪ್ಪನಿಗೆ ಕಾಫಿ ಕೊಡಲಿಲ್ಲ. ಹೊಂಬಾಳಮ್ಮನಿಗೆ ಕೊಟ್ಟರು. ಆಗ ಅವನಿಗೆ ಮೊದಲ ಬಾರಿ ಏನೋ ಸರಿಯಿಲ್ಲ ಎನಿಸಿತು.

"ಭಾವ, ಸುತ್ತಿ ಬಳಸಿ ಮಾತಾಡೋದ್ ಬೇಡ" ಎಂದ ಶಿವರಾಜ್. "ಯಾರವಳು?"

"ಯಾರು?"

"ಅದನ್ನೇ ನಾವ್ ಕೇಳ್ತಿರೋದು."

"ಬೆಳ್ಳಾವಿಯೋಳಂತೆ" ಎಂದು ಹೊಂಬಾಳಮ್ಮ ಕಾಫಿ ಲೋಟದೊಳಗಿನಿಂದ ನೆನಪಿಸಿದರು.

"ಅಳಿಯಂದ್ರೇ" ಎಂದರು ಸಿದ್ದಗಂಗಮ್ಮ, "ನನ್ ಮಗಳು ಇಲ್ಲಿ ಹೊಗೇಲಿ ಬೇಯ್ತಾವ್ಳೆ. ನೀವು ಅಲ್ಲಿ ಮಲ್ಲಿಗೆ ಹಚ್ಕೊಂಡು ಹೊಳೀತಿದೀರಂತೆ. ಫ್ಯಾಕ್ಟ್ರಿ ಮಿಷಿನ್ನೇ ಗುರ್ತು ಹಿಡೀನಿಲ್ವಂತೆ. ಅವ್ಳು ತುಮಕೂರಿಗೆ ಬರೋದೋ ಬ್ಯಾಡ್ವೋ, ಇವತ್ತೇ ಹೇಳ್ಬುಡಿ."

ಅಡವಿಯಪ್ಪನಿಗೆ ನಿಧಾನಕ್ಕೆ ಎಲ್ಲ ಅರ್ಥವಾಯಿತು. ಸತ್ಯ ಹೇಳಿದರೆ ಮುಗಿಯುತ್ತಿತ್ತು. ಆದರೆ ಅತ್ತೆಯ ಎದುರು, ಬಾಮೈದನ ಎದುರು, ಪಕ್ಕದ ಮನೆಯವರ ಎದುರು, ನನ್ನ ಹೆಂಡತಿಯ ಕೆನ್ನೆಗಾಗಿ ಮಾಡಿದೆ ಎಂದು ಯಾವ ಬಾಯಲ್ಲಿ ಹೇಳುವುದು? ಬೆಳ್ಳಾವಿಯ ಟೀಚರನ್ನೇ ಒಪ್ಪಿಕೊಂಡುಬಿಡುವುದು ಸುಲಭ ಎಂದು ಅವನಿಗೆ ಒಂದು ಕ್ಷಣ ನಿಜವಾಗಿಯೂ ಅನ್ನಿಸಿತು. ಗೋಡೆಯ ಕಡೆ ತಿರುಗಿದ. ಗೋಡೆಯ ಮೇಲೆ ಮಾವನ ಫೋಟೊ ಇತ್ತು. ಅವರೂ ಏನೂ ಹೇಳಲಿಲ್ಲ.

"ಯಾರಿಗೆ ಮಾಡಿದ್ದು?" ಶಶಿಕಲಾಳ ದನಿ ತಣ್ಣಗಿತ್ತು.

"ನನಗೇ" ಎಂದ ಅಡವಿಯಪ್ಪ. ಆ ಮೂರಕ್ಷರ ಈ ಸಲ ಅವನಿಗೇ ಕೇಳಿಸಲಿಲ್ಲ.

"ಹಂಗಾದ್ರೆ ಹಚ್ಕೊಳ್ಳಿ. ನಾನೂ ನೋಡ್ತೀನಿ, ಹೆಂಗೆ ಹೊಳೀತೀರಾ ಅಂತ." ಅವಳು ಮಗುವನ್ನು ಹೊಂಬಾಳಮ್ಮನ ತೊಡೆಗೆ ಹಾಕಿ ಎದುರಿಗೆ ಬಂದು ನಿಂತಳು.

ಅಡವಿಯಪ್ಪ ಡಬ್ಬಿಯ ಮುಚ್ಚಳ ತಿರುಗಿಸಿದ. ಜೇನು, ಮಲ್ಲಿಗೆ ಎರಡೂ ಸೇರಿ ಮೇಲೆದ್ದವು. ಎರಡು ಬೆರಳಲ್ಲಿ ಒಂದಿಷ್ಟು ತೆಗೆದುಕೊಂಡು ಅಂಗೈಯಲ್ಲಿ ತಿಕ್ಕಿದ; ಬೆಣ್ಣೆಯಂತಿದ್ದದ್ದು ಎಣ್ಣೆಯಾಯಿತು. ಆಗ ತಲೆ ಎತ್ತಿದ. ಕಿಟಕಿಯಿಂದ ಎಳೆಬಿಸಿಲು ಬಿದ್ದಿತ್ತು. ಬಿಸಿಲಿಗೆ ಅಡ್ಡಲಾಗಿ ಸಾಂಬ್ರಾಣಿ ಹೊಗೆ ಮಂಜಿನಂತೆ ತೂಗುತ್ತಿತ್ತು. ಆ ಹೊಗೆಯ ನಡುವೆ ಶಶಿಕಲಾ, ಮಾತಿಲ್ಲದೆ, ಅವನ ಕಡೆಗೇ ನೋಡುತ್ತಿದ್ದಳು. ಒಡೆದ ಕೆನ್ನೆಯ ಮೇಲೆ ಮಸಿಯ ಸಣ್ಣ ಗೆರೆಗಳು. ಎಂಟು ದಿನದಿಂದ ಬಸ್ಸಿನಲ್ಲಿ, ಸ್ಟೋರಿನಲ್ಲಿ, ಒಲೆಯ ಮುಂದೆ ಅವನು ನೋಡುತ್ತಲೇ ಬಂದಿದ್ದ ದೃಶ್ಯ. ಸುತ್ತಲಿನ ಕುರ್ಚಿಗಳು, ಅವುಗಳ ಮೇಲಿನ ಜನ, ಎಲ್ಲರೂ ಕರಗಿ ಹೋದರು.

ಅವನ ಕೈ ತನ್ನ ಮುಖದ ಕಡೆಗೆ ಹೋಗಲಿಲ್ಲ. ನೇರವಾಗಿ ಮುಂದಕ್ಕೆ ಹೋಗಿ ಹೆಂಡತಿಯ ಕೆನ್ನೆಯ ಮೇಲೆ ಕೂತಿತು.

ನಿಧಾನವಾಗಿ, ಸುತ್ತುಸುತ್ತಾಗಿ, ವಿಡಿಯೊದಲ್ಲಿ ಹೇಳಿದ್ದ ಹಾಗೆಯೇ ತಿಕ್ಕಿತು.

ಹೊಂಬಾಳಮ್ಮನ ಕಾಫಿ ಲೋಟ ಟಣ್ಣೆಂದು ಕೆಳಗಿಳಿಯಿತು. "ಶಿವ ಶಿವ!" ಎನ್ನುತ್ತಾ ಸಿದ್ದಗಂಗಮ್ಮ ಸೆರಗನ್ನು ಕಣ್ಣಿನವರೆಗೆ ಎಳೆದುಕೊಂಡು ಸೆರಗಿನೊಳಗಿಂದ ನೋಡಿದರು. ಶಿವರಾಜ್ ಎದ್ದು, "ಮೋಟ್ರು ಆಫ್ ಮಾಡಿದ್ನೋ ಇಲ್ವೋ" ಎನ್ನುತ್ತಾ ಹಿತ್ತಲಿಗೆ ನಡೆದ. ಬೆಳಗ್ಗೆಯಿಂದ ಆ ಬೀದಿಯಲ್ಲಿ ಕರೆಂಟ್ ಇರಲಿಲ್ಲ.

ಶಶಿಕಲಾ ಮರಗಟ್ಟಿ ನಿಂತಿದ್ದಳು. ಮೊದಲು ಅವಳ ಕಿವಿ ಕೆಂಪಾದವು. ಆಮೇಲೆ ಸಿಟ್ಟು ಬಂತು.

"ನನ್ ಮುಖಕ್ಕೇನಾಗಿದೆ ಅಂತ?"

ಅಡವಿಯಪ್ಪ ಎಚ್ಚರಗೊಂಡ. ಕೈ ಎಲ್ಲಿದೆಯೆಂದು ನೋಡಿ ಬೆಚ್ಚಿದ. ಆದರೆ ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ.

"ಏನೂ ಆಗಿಲ್ಲ. ನೀನೇ ಹೊಗೆ ಅಂದಿದ್ದೆ. ಸೋಪ್ ಹಾಕಿದ್ರೆ ಉರಿಯುತ್ತೆ ಅಂದೆ."

"ನಾನ್ ಯಾವತ್ತು ಅಂದಿದ್ದೆ?"

"ನಿನ್ನೆ ಬಿಟ್ಟು ಅದರ ಹಿಂದಿನ ಶನಿವಾರ. ಸಾಯಂಕಾಲ ಏಳೂ ಹತ್ತಕ್ಕೆ."

ಮಗು ಹೊಂಬಾಳಮ್ಮನ ತೊಡೆಯ ಮೇಲೆ ಒಂದು ಕೆಲಸ ಮುಗಿಸಿತು. ಅದನ್ನು ಅವರು ಗಮನಿಸಲೂ ಇಲ್ಲ.

"ಈಗ ಇದ್ನ ಏನ್ ಮಾಡ್ಬೇಕು?" ಶಶಿಕಲಾಳ ದನಿ ಅರ್ಧಕ್ಕೆ ಇಳಿದಿತ್ತು.

"ಇನ್ನೊಂದು ಕೆನ್ನೆಗೂ ತಿಕ್ಕಿ, ಬಿಸಿನೀರಲ್ಲಿ ಬಟ್ಟೆ ಹಿಂಡಿ ಒರೆಸ್ಬೇಕು. ಗಟ್ಟಿಯಾಗಿ ಉಜ್ಜಬಾರ್ದು."

ಅವಳು ಡಬ್ಬಿ ಕಿತ್ತುಕೊಂಡು ಬಚ್ಚಲಿಗೆ ಹೋದಳು. ಆರು ನಿಮಿಷ ಎಲ್ಲರೂ ಬಚ್ಚಲಿನ ಬಾಗಿಲನ್ನೇ ನೋಡಿದರು. ಹೊರಗೆ ಬಂದಾಗ ಅವಳ ಕೈಯಲ್ಲಿದ್ದ ಬಿಳಿ ಪಂಚೆಯ ತುಂಡು ಇಡೀ ಮೂರು ತಿಂಗಳ ಹೊಗೆಯಿಂದ ಕಪ್ಪಾಗಿತ್ತು. ಮುಖ ಆಗತಾನೆ ಮಳೆ ನಿಂತ ಹೊಲದ ಹಾಗಿತ್ತು.

"ಉರೀಲಿಲ್ಲ" ಎಂದಳು, ಯಾರಿಗೂ ಹೇಳದವಳಂತೆ.

ಸಿದ್ದಗಂಗಮ್ಮ ಸೆರಗು ಇಳಿಸಿ, ಮಗಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು. ಹೆಬ್ಬೆರಳಲ್ಲಿ ಒತ್ತಿ ನೋಡಿದರು. ಆಮೇಲೆ, ಸಾಕ್ಷ್ಯ ಪರಿಶೀಲಿಸುವ ಗಾಂಭೀರ್ಯದಿಂದ, "ಇಲ್ ತತ್ತಾ ಅದ್ನ" ಎಂದು ಡಬ್ಬಿಗೆ ಕೈ ಚಾಚಿದರು. ಕೋಣೆಯೊಳಗಿಂದ ಪ್ರೇಮಲತಾ, "ಅಕ್ಕ, ನಂಗೂ ಒಂಚೂರು" ಎಂದಳು. ಹೊಂಬಾಳಮ್ಮ ಮಗುವನ್ನು ಹಿತ್ತಲಿನಿಂದ ಆಗಷ್ಟೇ ವಾಪಸು ಬಂದ ಶಿವರಾಜನಿಗೆ ದಾಟಿಸಿ, "ನಾನೂ ನೋಡ್ಬೇಕಲ್ಲ, ನಾಳೆ ಯಾರಾದ್ರೂ ಕೇಳಿದ್ರೆ ಹೇಳೋಕೆ" ಎಂದು ಕುರ್ಚಿ ಹತ್ತಿರಕ್ಕೆಳೆದರು. ಸಿದ್ದಗಂಗಮ್ಮ ಮುಖ ಮುಗಿಸಿ ಹಿಮ್ಮಡಿಗೆ ಬಂದಿದ್ದರು. ಹತ್ತೂ ಮುಕ್ಕಾಲಕ್ಕೆ ಡಬ್ಬಿ ಖಾಲಿಯಾಯಿತು. ಆ ನಡುಮನೆಯಲ್ಲಿ ಹೊಳೆಯದ ಮುಖವೆಂದರೆ ಶಿವರಾಜನದು, ಅಡವಿಯಪ್ಪನದು. ಅಡವಿಯಪ್ಪನಿಗೆ ಈಗ ಕಾಫಿ ಬಂತು. ಎರಡು ಲೋಟ.

ಊಟದ ನಂತರ ಸಿದ್ದಗಂಗಮ್ಮ ತೀರ್ಪು ಕೊಟ್ಟರು.

"ಶಶಿ, ಬಟ್ಟೆ ಕಟ್ಕೋ. ಹೊರಡು."

"ಐದು ತಿಂಗಳು ಅಂದಿದ್ಯಲ್ಲವ್ವ? ಪ್ರೇಮಂಗೆ ನೀರು ಹಾಕೋರು ಯಾರು?"

"ಚಿಕ್ಕಮಾರಮ್ಮನ ಕರುಸ್ತೀನಿ, ಬೀದಿ ಕೊನೇಲೇ ಅವ್ಳೆ. ಬಾಣಂತನ ಯಾರಾದ್ರೂ ಮಾಡ್ತಾರೆ. ಆದ್ರೆ ಇವ್ರನ್ನ ಇನ್ನೊಂದ್ ದಿನಾನೂ ಒಬ್ರನ್ನೇ ಬುಡೋದು ಒಳ್ಳೇದಲ್ಲ ಕಣೇ." ಅಳಿಯನ ಕಡೆ ಕೈ ತೋರಿಸಿ ದನಿ ತಗ್ಗಿಸಿದರು. ತಗ್ಗಿಸಿದ ದನಿ ಬೀದಿಗೆ ಕೇಳಿಸಿತು. "ನಾಲ್ಕ್ ಜನದ ಮುಂದೆ ಹೆಂಡ್ತಿ ಕೆನ್ನೆ ಮುಟ್ಟೋಗಂಟ ಬಂದದೆ. ಮುಂದ್ಕೆ ಇನ್ನೇನೋ! ಮೊದ್ಲು ಮನೆಗೆ ಕರ್ಕೊಂಡೋಗು."

ಅಡವಿಯಪ್ಪ ತಲೆ ತಗ್ಗಿಸಿ ನೆಲ ನೋಡುತ್ತಿದ್ದ. ಶಶಿಕಲಾ ಒಳಗೆ ಹೋಗಿ ಬ್ಯಾಗು ತರಲು ತೆಗೆದುಕೊಂಡ ಸಮಯ ಎರಡು ನಿಮಿಷಕ್ಕಿಂತ ಕಡಿಮೆ. ಅಷ್ಟು ಬೇಗ ಬಟ್ಟೆ ಮಡಿಸುವುದು ಸಾಧ್ಯವಿಲ್ಲ. ಬ್ಯಾಗು ಯಾವಾಗಿನಿಂದ ಸಿದ್ಧವಿತ್ತು ಎಂದು ಯಾರೂ ಕೇಳಲಿಲ್ಲ.

ತುಮಕೂರಿನ ಬಸ್ಸಿನಲ್ಲಿ ಶಶಿಕಲಾ, ಹೊಂಬಾಳಮ್ಮ ಮುಂದೆ ಕೂತರು. ಅಡವಿಯಪ್ಪನಿಗೆ ಹಿಂದೆ, ಐದು ಸೀಟು ದಾಟಿ ಜಾಗ ಸಿಕ್ಕಿತು. ಕಂಡಕ್ಟರ್ ಬಂದ.

"ಎಲ್ಲಿಗೆ?"

"ತುಮಕೂರು. ಎರಡು."

"ಜೊತೇಲಿ ಯಾರು ಸಾರ್?"

ಅಡವಿಯಪ್ಪ ಗಲ್ಲದಿಂದ ಮುಂದಕ್ಕೆ ತೋರಿಸಿದ.

"ಆ ಹಸ್ರು ಸೀರೆಯೋರಾ? ಅವ್ರಿಗೆ ಆಗ್ಲೇ ಸೊನ್ನೆ ಟಿಕೆಟ್ ಕೊಟ್ಟೆ. ಹೆಂಗಸ್ರಿಗೆ ಫ್ರೀ ಅಲ್ವಾ?"

"ಗೊತ್ತು. ಆದ್ರೂ ಎರಡು ಕೊಡಿ."

"ಯಾಕ್ ಸಾರ್ ಸುಮ್ನೆ? ಯಾರಿಗೆ ಎರಡನೇದು?"

ಬಸ್ಸು ಆಗಷ್ಟೇ ನಿಲ್ದಾಣ ಬಿಡಲು ಅಲ್ಲಾಡಿತು. ಅಡವಿಯಪ್ಪ ಕಿಟಕಿಯ ಕಡೆ ತಿರುಗಲು ಹೋದವನು ತಿರುಗಲಿಲ್ಲ. ಮುಂದಿನ ಕಂಬಿ ಹಿಡಿದು ಎದ್ದು ನಿಂತ.

"ನನ್ ಹೆಂಡ್ತಿಗೆ!" ಎಂದ. ಗಂಟಲಿಗೆ ಅಭ್ಯಾಸವಿಲ್ಲದ ಮಾತಾದ್ದರಿಂದ ಅದು ಬೇಕಾದುದಕ್ಕಿಂತ ತುಂಬಾ ಜೋರಾಗಿ ಬಂತು. ಡ್ರೈವರ್ ಬ್ರೇಕ್ ಹಾಕಿದ. ಐವತ್ತೆರಡು ಸೀಟಿನ ಬಸ್ಸಿನಲ್ಲಿ ಐವತ್ತು ತಲೆ ಅವನ ಕಡೆ ತಿರುಗಿದವು.

ತಿರುಗದೆ ಉಳಿದದ್ದು ಶಶಿಕಲಾಳದೊಂದೇ. ಆದರೆ ಹಿಂದಿನಿಂದ ಕಾಣುತ್ತಿದ್ದ ಅವಳ ಒಂದು ಕೆನ್ನೆ ಸಂಜೆಬಿಸಿಲಿನಲ್ಲಿ ಫಳಫಳನೆ ಹೊಳೆಯುತ್ತಿತ್ತು. ಅದು ಮುಲಾಮಿನಿಂದಲೋ ಬೇರೆ ಕಾರಣದಿಂದಲೋ ಎಂಬ ಬಗ್ಗೆ ಪಕ್ಕದಲ್ಲೇ ಕೂತಿದ್ದ ಹೊಂಬಾಳಮ್ಮನಿಂದಲೂ ಖಚಿತ ಮಾಹಿತಿ ದೊರೆತಿಲ್ಲ.